ಮೀಸಲು ನಿಧಿಯೂ ನೆಲದಡಿಯ ನಿಕ್ಷೇಪವೂ

ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರ ಮನೆಯ ಗೃಹಪ್ರವೇಶ. ಊಟ ಮುಗಿದು ಎಲೆಯಡಿಕೆಯ ತಟ್ಟೆ ಕೈಯಿಂದ ಕೈಗೆ ಸುತ್ತುತ್ತಿದ್ದ ಹೊತ್ತಿನಲ್ಲಿ, ಅಣ್ಣನ ಮಗ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಕೈಗೆ ಬಂದ ಹಣದಲ್ಲಿ ಅರ್ಧಕ್ಕೂ ಹೆಚ್ಚನ್ನು ಒಂದು ಗಣಿ ಕಂಪನಿಯ ಷೇರುಗಳಲ್ಲಿ ತೊಡಗಿಸಿರುವುದಾಗಿ ಬಹಳ ಉತ್ಸಾಹದಿಂದ ಹೇಳಿದ. ಅದೇ ಕಂಪನಿ ಏಕೆ ಎಂದು ಕೇಳಿದೆ.

"ಚಿಕ್ಕಪ್ಪ, ಅದರ ರಿಟೈನ್ಡ್ ಅರ್ನಿಂಗ್ಸ್ ಎಷ್ಟಿದೆ ನೋಡಿದ್ದೀರಾ? ಸಾವಿರಾರು ಕೋಟಿ! ನಾಳೆಯಿಂದ ಒಂದು ಪೈಸೆ ಲಾಭ ಬಾರದಿದ್ದರೂ ಹತ್ತು ವರ್ಷ ಕೂತು ತಿನ್ನಬಹುದು. ಅಂಥ ಕಂಪನಿ ಮುಳುಗುತ್ತದೆಯೇ?"

ಸುತ್ತಲಿದ್ದ ನಾಲ್ಕೈದು ಮಂದಿ ತಲೆದೂಗಿದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು ಎಂಬುದೇ ನನಗೆ ಹೆಚ್ಚಿನ ಸಂಕಟ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನಾಲಗೆಯ ತುದಿಗೆ ಬಂದರೂ, ಶುಭ ಸಮಾರಂಭದಲ್ಲಿ ವಾದ ಬೇಡವೆಂದು ಸುಮ್ಮನಾದೆ. ಆದರೆ ಸ್ವಲ್ಪ ದೂರದಲ್ಲಿ ಕುಳಿತಿದ್ದ ಅತ್ತಿಗೆ ಈ ಕಡೆ ನೋಡುತ್ತಿದ್ದ ನೋಟ ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಆದುದರಿಂದ ಅಂದು ಆಡದ ವಾದವನ್ನು ಇಂದು ಇಲ್ಲಿ ಆಡುತ್ತಿದ್ದೇನೆ. ಆ ಕಂಪನಿಯ ಹೆಸರನ್ನು ಬೇಕೆಂದೇ ಬರೆಯುವುದಿಲ್ಲ. ನನ್ನ ಜಗಳ ಕಂಪನಿಯೊಡನೆ ಅಲ್ಲ, ಆ ವಾಕ್ಯದೊಡನೆ. "ಮೀಸಲು ದೊಡ್ಡದು, ಆದುದರಿಂದ ಷೇರು ಭದ್ರ" ಎಂಬ ವಾಕ್ಯ ಯಾವ ಉದ್ಯಮಕ್ಕೂ ಪೂರ್ಣ ಸತ್ಯವಲ್ಲ. ಗಣಿ ಉದ್ಯಮಕ್ಕಂತೂ ಅದು ಅಪಾಯಕಾರಿಯಾದ ಅರ್ಧಸತ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಲೆಕ್ಕದ ಸಂಗತಿ. ಉಳಿಸಿಕೊಂಡ ಲಾಭವೆಂದರೆ ಏನು? ಕಂಪನಿ ಹುಟ್ಟಿದಂದಿನಿಂದ ಗಳಿಸಿದ ನಿವ್ವಳ ಲಾಭಗಳನ್ನೆಲ್ಲ ಕೂಡಿ, ಅದರಲ್ಲಿ ನಷ್ಟಗಳನ್ನೂ ಷೇರುದಾರರಿಗೆ ಹಂಚಿದ ಲಾಭಾಂಶಗಳನ್ನೂ ಕಳೆದರೆ ಉಳಿಯುವ ಮೊತ್ತ. ವರ್ಷದ ಆರಂಭದ ಶಿಲ್ಕಿಗೆ ಆ ವರ್ಷದ ಲಾಭ ಕೂಡಿಸಿ, ಲಾಭಾಂಶ ಕಳೆದರೆ ವರ್ಷಾಂತ್ಯದ ಶಿಲ್ಕು. ಇಷ್ಟೇ, ಐದನೆಯ ತರಗತಿಯ ಗಣಿತ. ತಪ್ಪುವುದು ಗಣಿತದಲ್ಲಿ ಅಲ್ಲ, ಅದರ ಅರ್ಥದಲ್ಲಿ. ಈ ಸಂಖ್ಯೆ ಅಢಾವೆ ಪತ್ರಿಕೆಯಲ್ಲಿ ಕುಳಿತಿರುವುದು ಆಸ್ತಿಯ ಕಡೆಯಲ್ಲಿ ಅಲ್ಲ, ಹೊಣೆಗಾರಿಕೆಯ ಕಡೆಯಲ್ಲಿ, ಷೇರು ಬಂಡವಾಳದ ಪಕ್ಕದಲ್ಲಿ. ಅಂದರೆ ಹಣ ಎಲ್ಲಿಂದ ಬಂತು ಎಂಬುದನ್ನು ಅದು ಹೇಳುತ್ತದೆ. ಈಗ ಎಲ್ಲಿದೆ ಎಂಬುದನ್ನು ಹೇಳುವುದೇ ಇಲ್ಲ.

ನನ್ನದೇ ಉದಾಹರಣೆ ಕೊಡುತ್ತೇನೆ. ಸೇವೆಗೆ ಸೇರಿದಂದಿನಿಂದ ಸಂಬಳದಲ್ಲಿ ಉಳಿಸಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕೊನೆಯ ಪುಟದ ಮೊತ್ತ ನೋಡಿದರೆ ಯಾರಿಗಾದರೂ ನಾನು ಸಾಹುಕಾರನಂತೆ ಕಂಡೇನು. ಆದರೆ ಆ ಮೊತ್ತ ಇಂದು ಮನೆಯ ಗೋಡೆಯಾಗಿದೆ, ಮಗಳ ಮದುವೆಯಾಗಿದೆ, ವಾಪಸು ಬಾರದ ಒಂದೆರಡು ಕೈಸಾಲಗಳಾಗಿದೆ. ನೋಟ್‌ಬುಕ್ಕಿನ ಅಂಕಿ ಸುಳ್ಳಲ್ಲ. ಆದರೆ ಅದನ್ನು ತೋರಿಸಿ ಕಿರಾಣಿ ಅಂಗಡಿಯಲ್ಲಿ ಒಂದು ಕಿಲೋ ಬೇಳೆ ತರಲಾಗುವುದಿಲ್ಲ. ಕಂಪನಿಯ ಮೀಸಲು ಕೂಡ ಹೀಗೆಯೇ ಯಂತ್ರವಾಗಿರಬಹುದು, ವಸೂಲಾಗದ ಬಾಕಿಯಾಗಿರಬಹುದು, ಅರ್ಧಕ್ಕೆ ನಿಂತ ಕಾರ್ಖಾನೆಯಾಗಿರಬಹುದು. "ಕೂತು ತಿನ್ನಬಹುದು" ಎನ್ನುವವರು ಕಬ್ಬಿಣವನ್ನೂ ಕಾಂಕ್ರೀಟನ್ನೂ ತಿನ್ನುವ ಶಕ್ತಿಯುಳ್ಳವರಾಗಿರಬೇಕು.

ಇದು ಎಲ್ಲ ಕಂಪನಿಗಳಿಗೂ ಅನ್ವಯಿಸುವ ಮಾತು. ಗಣಿಯ ವಿಷಯ ಇನ್ನೂ ಒಂದು ಹೆಜ್ಜೆ ಆಳದ್ದು.

ಇಂಗ್ಲಿಷಿನ 'ರಿಸರ್ವ್' ಎಂಬ ಒಂದೇ ಪದ ಗಣಿ ಕಂಪನಿಯ ವಾರ್ಷಿಕ ವರದಿಯಲ್ಲಿ ಎರಡು ಕಡೆ ಬರುತ್ತದೆ. ಒಂದು, ಲೆಕ್ಕಪತ್ರದ ಮೀಸಲು ನಿಧಿ. ಇನ್ನೊಂದು, ನೆಲದಡಿಯಲ್ಲಿ ಇನ್ನೂ ಉಳಿದಿರುವ, ಲಾಭಕರವಾಗಿ ಅಗೆಯಬಹುದಾದ ಅದಿರು. ನಮ್ಮ ಭಾಷೆ ಇಲ್ಲಿ ಹೆಚ್ಚು ವಿವೇಕದ್ದು. ಮೊದಲನೆಯದನ್ನು ಮೀಸಲು ಎನ್ನುತ್ತೇವೆ, ಎರಡನೆಯದನ್ನು ನಿಕ್ಷೇಪ ಎನ್ನುತ್ತೇವೆ. ಹೆಸರು ಬೇರೆಯಾದರೂ ಇವೆರಡರ ನಡುವೆ ಒಂದು ಸಂಬಂಧವಿದೆ. ನಿಕ್ಷೇಪ ಇಳಿದಂತೆ ಮೀಸಲು ಏರುತ್ತದೆ. ಅದಿರನ್ನು ಅಗೆದು ಮಾರಿದರೆ ತಾನೇ ಲಾಭ? ಲಾಭವನ್ನು ಇಟ್ಟುಕೊಂಡರೆ ತಾನೇ ಮೀಸಲು? ಹಾಗಾದರೆ ಬೆಳೆಯುತ್ತಿರುವ ಮೀಸಲನ್ನು ಮಾತ್ರ ನೋಡಿ ಸಂತೋಷಪಡುವವನು, ಬರಿದಾಗುತ್ತಿರುವ ನೆಲವನ್ನು ನೋಡದಿರುವವನೇ ಆದನಲ್ಲವೇ?

ಹಳ್ಳಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟದವನು ವರ್ಷಕ್ಕೆ ಎರಡು ಲಕ್ಷ ಗಳಿಸುತ್ತಾನೆ, ಪಕ್ಕದ ಹೊಲದವನು ತನ್ನ ಹೊಲದ ಮೇಲ್ಮಣ್ಣನ್ನು ಇಟ್ಟಿಗೆ ಗೂಡಿನವರಿಗೆ ಮಾರಿ ಎರಡು ಲಕ್ಷ ಗಳಿಸುತ್ತಾನೆ ಎಂದುಕೊಳ್ಳಿ. ಇಬ್ಬರ ಬ್ಯಾಂಕ್ ಪಾಸ್‌ಬುಕ್ಕೂ ಒಂದೇ ತೆರನಾಗಿ ಕಾಣುತ್ತದೆ. ಆದರೆ ಇಬ್ಬರ ಆದಾಯವೂ ಒಂದೇ ಎಂದು ಊರಿನಲ್ಲಿ ಯಾವ ಮುದುಕಿಯೂ ಒಪ್ಪುವುದಿಲ್ಲ. ಮಣ್ಣು ಮಾರಿದವನದು ಆದಾಯವಲ್ಲ, ಮೂಲ ಕರಗಿದ್ದು. ಆ ಮುದುಕಿಗೆ ತಿಳಿದದ್ದು ಷೇರು ಪಂಡಿತರಿಗೆ ತಿಳಿಯದೇ ಹೋಗುವುದು ಏತಕ್ಕೆ?

ಏತಕ್ಕೆಂದರೆ, ಲೆಕ್ಕಪತ್ರದ ನಿಯಮವೇ ಹಾಗಿದೆ. ಸರ್ಕಾರದಿಂದ ಗುತ್ತಿಗೆ ಪಡೆದ ಬೆಟ್ಟದಲ್ಲಿರುವ ಅದಿರಿನ ಬೆಲೆಯನ್ನು ಕಂಪನಿ ತನ್ನ ಆಸ್ತಿಯೆಂದು ಬರೆಯುವುದಿಲ್ಲ. ಗುತ್ತಿಗೆಗಾಗಿ ತಾನು ಮಾಡಿದ ಖರ್ಚನ್ನಷ್ಟೇ ಬರೆದುಕೊಂಡು, ವರ್ಷ ವರ್ಷ ಅಷ್ಟನ್ನೇ ಸವಕಳಿ ಕಳೆಯುತ್ತದೆ. ಪುಸ್ತಕಕ್ಕೆ ಸೇರದ ಆಸ್ತಿ ಪುಸ್ತಕದಿಂದ ಕಡಿಮೆಯಾಗುವುದೂ ಇಲ್ಲ. ಹೀಗಾಗಿ ಬೆಟ್ಟ ಕರಗಿದ್ದರ ಗುರುತು ಲಾಭ-ನಷ್ಟದ ಪಟ್ಟಿಯಲ್ಲಿ ಹೆಸರಿಗೆ ಮಾತ್ರ. ಕಾನೂನೂ ಇದಕ್ಕೆ ಬಹಳ ಹಿಂದೆಯೇ ಒಪ್ಪಿಗೆ ಕೊಟ್ಟಿದೆ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಪ್ರಾಂತದಲ್ಲಿ ಡಾಂಬರಿನ ಕಲ್ಲು ಅಗೆಯುವ ಹಕ್ಕು ಪಡೆದಿದ್ದ ಇಂಗ್ಲಿಷ್ ಕಂಪನಿಯೊಂದರ ವಿರುದ್ಧ ಅದರ ಷೇರುದಾರನೇ ದಾವೆ ಹೂಡಿದ್ದ. ಗಣಿ ಸವೆಯುತ್ತಿದೆ, ಆ ಸವೆತವನ್ನು ತುಂಬಿಕೊಳ್ಳದೆ ಲಾಭಾಂಶ ಹಂಚುವುದು ಬಂಡವಾಳವನ್ನೇ ಹಂಚಿದಂತೆ ಎಂಬುದು ಅವನ ವಾದ. 1889ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಸವೆದು ಹೋಗುವ ಆಸ್ತಿಯನ್ನು ಮತ್ತೆ ತುಂಬಿಕೊಳ್ಳದೆಯೂ ಲಾಭ ಹಂಚಬಹುದು ಎಂದಿತು. ಅಂದು ಸೋತ ಆ ಷೇರುದಾರನ ಬಗ್ಗೆ ನನಗೆ ಗೌರವವಿದೆ. ಕಾನೂನು ಅವನ ಪರವಾಗಿರಲಿಲ್ಲ, ಆದರೆ ವಿವೇಕ ಅವನ ಕಡೆಗಿತ್ತು.

ಹಾಗಾದರೆ ಗಣಿಯ ಲಾಭದಲ್ಲಿ ನಿಜವಾದ ಆದಾಯವೆಷ್ಟು, ಕರಗಿದ ಮೂಲವೆಷ್ಟು? ವಿಶ್ವಬ್ಯಾಂಕಿನಲ್ಲಿದ್ದ ಅರ್ಥಶಾಸ್ತ್ರಜ್ಞ ಸಲಾಹ್ ಎಲ್ ಸೆರಾಫಿ ಎಂಬವರು 1980ರ ದಶಕದಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅದನ್ನು ತುಸು ಸರಳಗೊಳಿಸಿ, ನನ್ನ ಹಳೆಯ ವಿದ್ಯಾರ್ಥಿಗಳಿಗೆ ಲೆಕ್ಕವಾಗಿಯೇ ಕೊಡುತ್ತೇನೆ. ಒಂದು ಗಣಿಯಿಂದ ಪ್ರತಿ ವರ್ಷಾಂತ್ಯಕ್ಕೆ 100 ರೂಪಾಯಿ ಲಾಭ ಬರುತ್ತದೆ. ಅದಿರು ಇನ್ನು 10 ವರ್ಷಕ್ಕೆ ಮಾತ್ರ ಇದೆ. ಬಡ್ಡಿ ಶೇಕಡಾ 5. ಅದಿರು ಮುಗಿದ ಮೇಲೂ ಅದೇ ಆದಾಯ ಎಂದೆಂದಿಗೂ ಬರುತ್ತಿರಬೇಕಾದರೆ ಪ್ರತಿ ವರ್ಷ ಎಷ್ಟನ್ನು ಎತ್ತಿಡಬೇಕು? ಚಕ್ರಬಡ್ಡಿಯ ಪಾಠ ನೆನಪಿದ್ದವರು ಮಾಡಿ ನೋಡಿ: 61 ರೂಪಾಯಿ 39 ಪೈಸೆ. ಹತ್ತು ವರ್ಷದಲ್ಲಿ ಅದು ಬೆಳೆದು ಸುಮಾರು 772 ರೂಪಾಯಿಯಾಗುತ್ತದೆ. ಅದರ ವರ್ಷದ ಬಡ್ಡಿ 38 ರೂಪಾಯಿ 61 ಪೈಸೆ. ನೂರರಲ್ಲಿ 61.39 ಕಳೆದರೆ ಉಳಿಯುವುದೂ ಅದೇ 38.61. ಅಂದರೆ ನೂರು ರೂಪಾಯಿ ಎಂದು ಘೋಷಿಸಿದ ಲಾಭದಲ್ಲಿ ನಿಜವಾದ ಆದಾಯ 39 ರೂಪಾಯಿಗೂ ಕಡಿಮೆ! ಅದಿರು 20 ವರ್ಷಕ್ಕೆ ಇದ್ದರೆ ಎತ್ತಿಡಬೇಕಾದದ್ದು ಸುಮಾರು 38 ರೂಪಾಯಿ. 50 ವರ್ಷಕ್ಕೆ ಇದ್ದರೆ 9 ರೂಪಾಯಿಗೂ ಕಡಿಮೆ.

ಈ ಲೆಕ್ಕವನ್ನು ಒಮ್ಮೆ ಮಾಡಿದವನಿಗೆ ಉಳಿಸಿಕೊಂಡ ಲಾಭದ ಅರ್ಥವೇ ಬದಲಾಗುತ್ತದೆ. ಗಣಿ ಕಂಪನಿ ಉಳಿಸಿಕೊಳ್ಳುವ ಲಾಭದಲ್ಲಿ ಮೊದಲ ಪಾಲು ಉಳಿತಾಯವೇ ಅಲ್ಲ. ಅದು ನೆಲದಿಂದ ತೆಗೆದದ್ದನ್ನು ಬೇರೆ ರೂಪದಲ್ಲಿ ಹಿಂದಕ್ಕೆ ಇಡುವುದು. ಅದನ್ನು ಮೀರಿ ಉಳಿಸಿದರೆ ಮಾತ್ರ ನಿಜವಾದ ಬೆಳವಣಿಗೆ. ಆದುದರಿಂದ ಎರಡು ಪ್ರಶ್ನೆ ಕೇಳದೆ ಆ ಸಂಖ್ಯೆಯನ್ನು ಮುಟ್ಟಬಾರದು. ನೆಲದಲ್ಲಿ ಇನ್ನು ಎಷ್ಟು ವರ್ಷದ ಅದಿರಿದೆ? ಉಳಿಸಿಕೊಂಡ ಹಣ ಏನಾಗಿದೆ?

ನಮ್ಮ ನಾಡಿನಲ್ಲಿಯೇ ಇದಕ್ಕೆ ಕಣ್ಣೆದುರಿನ ನಿದರ್ಶನವಿದೆ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಹುಟ್ಟಿದ್ದು. ಬೆಟ್ಟದ ಮ್ಯಾಗ್ನಟೈಟ್ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಘಟ್ಟದಿಂದ ಮಂಗಳೂರಿಗೆ ಕೊಳವೆಯಲ್ಲಿ ಹರಿಸುತ್ತಿದ್ದರು. ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿದವರು ನಿಮ್ಮಲ್ಲಿ ಹಲವರಿದ್ದೀರಿ. ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಆ ಕಾಡು ಉಳಿದದ್ದು ನನಗೆ ಸಂತೋಷದ ಸಂಗತಿ. ಅದು ಬೇರೆ ಮಾತು. ಲೆಕ್ಕದ ದೃಷ್ಟಿಯಿಂದ ನೋಡಿ: ನೆಲದಲ್ಲಿ ಅದಿರು ಇನ್ನೂ ಇತ್ತು, ಪುಸ್ತಕದಲ್ಲಿ ಮೀಸಲೂ ಇತ್ತು, ಆದರೆ ಅಗೆಯುವ ಹಕ್ಕೇ ಹೋಯಿತು. ಗಣಿಯಿಲ್ಲದ ಗಣಿ ಕಂಪನಿ ಛತ್ತೀಸ್‌ಗಢದ ಬೈಲಾಡಿಲಾದಿಂದ ಅದಿರು ಕೊಂಡು ತಂದು ಮಂಗಳೂರಿನಲ್ಲಿ ಉಂಡೆ ಮಾಡತೊಡಗಿತು. ಹಿಂದೆ ಕೂಡಿಟ್ಟಿದ್ದ ಹಣ ಅದನ್ನು ಬಹುಕಾಲ ಎತ್ತಿ ಹಿಡಿಯಿತು, ನಿಜ. ಆದರೆ ಆ ಹಣದಿಂದ ಇನ್ನೊಂದು ಬೆಟ್ಟ ಸಿಕ್ಕಿತೇ? ಸಂಡೂರಿನ ದೇವದಾರಿ ಬೆಟ್ಟದ ಗುತ್ತಿಗೆ ನೋಂದಣಿಯಾದದ್ದು 2023ರಲ್ಲಿ, ಗಣಿ ನಿಂತು ಹದಿನೇಳು ವರ್ಷಗಳಾದ ಮೇಲೆ. 2024ರಲ್ಲಿ ರಾಜ್ಯದ ಅರಣ್ಯ ಸಚಿವರು ಅಲ್ಲಿನ ಅರಣ್ಯಭೂಮಿಯ ಹಸ್ತಾಂತರಕ್ಕೆ ತಡೆ ಒಡ್ಡಿದರು. 2023-24 ಮತ್ತು 2024-25, ಎರಡೂ ವರ್ಷ ಕಂಪನಿಗೆ ನಷ್ಟ. "ಕೂತು ತಿನ್ನುವುದು" ಎಂದರೆ ಹೀಗಿರುತ್ತದೆ, ಮಗೂ.

ಇನ್ನೊಂದು ಮಾತು: ಆ ಕಂಪನಿಯ ಶೇಕಡಾ 99ರಷ್ಟು ಷೇರು ಕೇಂದ್ರ ಸರ್ಕಾರದ ಕೈಯಲ್ಲಿದೆ. ಪೇಟೆಯಲ್ಲಿ ತಿರುಗುವುದು ನೂರಕ್ಕೆ ಒಂದು. ಅಂಥ ಕಡೆ ಷೇರಿನ ಬೆಲೆ ಏರಿದರೆ ಅದನ್ನು ಕಂಪನಿಯ ಆರೋಗ್ಯದ ಗುರುತೆಂದು ತಿಳಿಯುವುದು, ಸಂತೆಗೆ ಒಂದೇ ಕುಂಬಳಕಾಯಿ ಬಂದ ದಿನದ ಧಾರಣೆಯನ್ನು ವರ್ಷದ ಧಾರಣೆ ಎಂದುಕೊಂಡಂತೆ.

ಕೋಲಾರದ ಚಿನ್ನದ ಗಣಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆಯತೊಡಗಿದರೆ ಈ ಲೇಖನ ಮುಗಿಯುವುದಿಲ್ಲ. ಅಲ್ಲಿ ಚಿನ್ನ ಸಮೃದ್ಧವಾಗಿದ್ದ ಕಾಲದಲ್ಲಿ ಲಾಭ ಲಂಡನ್ನಿನ ಷೇರುದಾರರ ಮನೆ ಸೇರಿತು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬರುವ ಹೊತ್ತಿಗೆ ಸುರಂಗಗಳು ಬಹಳ ಆಳಕ್ಕೆ ಇಳಿದಿದ್ದವು, ಅದಿರು ಬಡವಾಗಿತ್ತು. 2001ರ ಫೆಬ್ರವರಿ 28ರಂದು ಮುಚ್ಚಿದಾಗ ಉಳಿದದ್ದು ಸೈನೈಡ್ ದಿಬ್ಬಗಳು.

ಇನ್ನು ಎರಡನೆಯ ಪ್ರಶ್ನೆ, ಉಳಿಸಿಕೊಂಡ ಹಣ ಏನಾಯಿತು ಎಂಬುದು. ಅಮೆರಿಕದ ವಾರನ್ ಬಫೆಟ್ ತಮ್ಮ ಷೇರುದಾರರಿಗೆ ಬರೆದ ಪತ್ರಗಳಲ್ಲಿ ಒಂದು ಪರೀಕ್ಷೆಯನ್ನು ವಿವರಿಸಿದ್ದಾರೆ. ಕಂಪನಿ ತನ್ನಲ್ಲಿ ಉಳಿಸಿಕೊಂಡ ಪ್ರತಿ ಡಾಲರಿಗೂ ಕಾಲಕ್ರಮದಲ್ಲಿ ಕನಿಷ್ಠ ಒಂದು ಡಾಲರಿನಷ್ಟು ಮಾರುಕಟ್ಟೆ ಮೌಲ್ಯ ಹುಟ್ಟಿರಬೇಕು. ಇಲ್ಲವಾದರೆ ಅದನ್ನು ಒಡೆಯರಿಗೇ ಕೊಟ್ಟುಬಿಡುವುದು ಲೇಸಾಗಿತ್ತು. ಡಾಲರನ್ನು ರೂಪಾಯಿ ಮಾಡಿಕೊಂಡು ನಮ್ಮ ಎನ್‌ಎಂಡಿಸಿಗೆ ಈ ಪರೀಕ್ಷೆ ಹಚ್ಚಿ ನೋಡಿ. ಬೈಲಾಡಿಲಾ ಮತ್ತು ನಮ್ಮ ಸಂಡೂರಿನ ದೋಣಿಮಲೈ ಬೆಟ್ಟಗಳ ಕಬ್ಬಿಣದ ಅದಿರಿನಿಂದ ಬೆಳೆದ ಸರ್ಕಾರಿ ಕಂಪನಿ ಅದು. ವರ್ಷಗಟ್ಟಲೆ ಉಳಿಸಿಕೊಂಡ ಲಾಭದ ದೊಡ್ಡ ಪಾಲನ್ನು ಬಸ್ತರಿನ ನಗರ್ನಾರ್‌ನಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುವುದಕ್ಕೆ ಹಾಕಿತು. ವೆಚ್ಚ ಇಪ್ಪತ್ತು ಸಾವಿರ ಕೋಟಿ ರೂಪಾಯಿ ದಾಟಿತು. ಕಾರ್ಖಾನೆಯನ್ನು ಬೇರ್ಪಡಿಸಿ ಪ್ರತ್ಯೇಕ ಕಂಪನಿ ಮಾಡಿ, 2023ರ ಫೆಬ್ರವರಿಯಲ್ಲಿ ಅದರ ಷೇರನ್ನು ಪೇಟೆಗೆ ತಂದಾಗ ಬೆಲೆ ಮೂವತ್ತು ರೂಪಾಯಿಯ ಆಸುಪಾಸು. ಷೇರುಗಳ ಸಂಖ್ಯೆ ಸುಮಾರು 293 ಕೋಟಿ. ಗುಣಿಸಿ ನೋಡಿ. ಇಪ್ಪತ್ತು ಸಾವಿರ ಕೋಟಿ ದಾಟಿದ ವೆಚ್ಚಕ್ಕೆ ಪೇಟೆ ಅಂದು ಕಟ್ಟಿದ ಬೆಲೆ ಒಂಬತ್ತು ಸಾವಿರ ಕೋಟಿಯ ಒಳಗೆ. ಕಾರ್ಖಾನೆಯ ಕುಲುಮೆ ಹೊತ್ತಿದ್ದು ಅದೇ ವರ್ಷದ ಆಗಸ್ಟಿನಲ್ಲಿ. ಅನಂತರದ ಎರಡು ಹಣಕಾಸು ವರ್ಷಗಳೂ ನಷ್ಟದವೇ.

ಬಸ್ತರಿನ ಜನ ತಮ್ಮ ಬೆಟ್ಟದ ಅದಿರು ತಮ್ಮಲ್ಲಿಯೇ ಉಕ್ಕಾಗಲಿ ಎಂದು ಬಯಸಿದರೆ ಅದು ತಪ್ಪಲ್ಲ. ನಾಡಿಗೆ ಕಾರ್ಖಾನೆ ಬೇಕು ಎಂಬುದಕ್ಕೂ ನನ್ನ ವಿರೋಧವಿಲ್ಲ. ನಾನು ಹೇಳುವುದಿಷ್ಟೇ: ನಮ್ಮ ಅತ್ತಿಗೆಯಂಥವರು ಹಣ ಹಾಕುವಾಗ "ಮೀಸಲು ಇದೆ" ಎಂದು ಹೇಳಿದವರು, ಆ ಮೀಸಲಿನ ಮೇಲೆ ಅತ್ತಿಗೆಗೆ ಯಾವ ಅಧಿಕಾರವೂ ಇಲ್ಲ, ಅದು ಯಾವ ಕುಲುಮೆಗೆ ಹೋಗಬೇಕೆಂಬುದನ್ನು ದೆಹಲಿಯಲ್ಲಿ ತೀರ್ಮಾನಿಸುತ್ತಾರೆ ಎಂಬುದನ್ನೂ ಹೇಳಬೇಕಿತ್ತು.

ಇದೇ ಕಂಪನಿ 2024ರ ಡಿಸೆಂಬರಿನಲ್ಲಿ ಒಂದು ಷೇರಿಗೆ ಎರಡು ಬೋನಸ್ ಷೇರು ಕೊಟ್ಟಾಗ ನಮ್ಮ ಬಂಧುಗಳ ನಡುವೆ ಹಬ್ಬದ ವಾತಾವರಣ. ಏನಾಯಿತು ಅಲ್ಲಿ? ಮೀಸಲಿನ ಖಾತೆಯಿಂದ ಸುಮಾರು 586 ಕೋಟಿ ರೂಪಾಯಿಯನ್ನು ಷೇರು ಬಂಡವಾಳದ ಖಾತೆಗೆ ವರ್ಗಾಯಿಸಿದರು. ಒಂದು ಷೇರು ಮೂರಾಯಿತು, ಬೆಲೆ ಮೂರನೆಯ ಒಂದಾಯಿತು. ಹೋಳಿಗೆಯನ್ನು ಮೂರು ತುಂಡು ಮಾಡಿದರೆ ಹೂರಣ ಹೆಚ್ಚುವುದಿಲ್ಲ.

"ಹಾಗಾದರೆ ಲಾಭವನ್ನು ಉಳಿಸಿಕೊಳ್ಳದೆ ಧಾರಾಳವಾಗಿ ಹಂಚುವ ಕಂಪನಿ ಒಳ್ಳೆಯದಲ್ಲವೇ ಸಾರ್?" ಎಂದು ಕೇಳುವ ವಿದ್ಯಾರ್ಥಿ ಹಿಂದಿನ ಬೆಂಚಿನಲ್ಲಿ ಎಂದೂ ಇರುತ್ತಾನೆ. ಅವನಿಗಾಗಿ ಹಿಂದೂಸ್ತಾನ್ ಜಿಂಕ್ ಕಂಪನಿಯ ಲೆಕ್ಕ.

ರಾಜಸ್ಥಾನದ ರಾಮ್‌ಪುರಾ ಆಗೂಚಾ ಮೊದಲಾದ ಗಣಿಗಳ ಸತು, ಸೀಸ, ಬೆಳ್ಳಿ ಅದರ ಸಂಪತ್ತು. ಸರ್ಕಾರಿ ಕಂಪನಿಯಾಗಿದ್ದುದರ ಆಡಳಿತ 2002ರಲ್ಲಿ ಖಾಸಗಿಯವರ ಕೈಗೆ ಹೋಯಿತು. ಹಲವು ವರ್ಷ ಲಾಭ ಕೂಡುತ್ತಲೇ ಇತ್ತು. ಆಗ ಎಲ್ಲರ ಬಾಯಲ್ಲೂ ಅದರ ಮೀಸಲಿನದೇ ಮಾತು. 2022ರ ಮಾರ್ಚ್ ಅಂತ್ಯಕ್ಕೆ ಷೇರುದಾರರ ನಿಧಿ 34 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. 2022-23ರಲ್ಲಿ ಗಳಿಸಿದ ಲಾಭ ಸುಮಾರು ಹತ್ತೂವರೆ ಸಾವಿರ ಕೋಟಿ. ಅದೇ ವರ್ಷ ನಾಲ್ಕು ಕಂತಿನಲ್ಲಿ ಷೇರಿಗೆ 21, 15.50, 13, 26 ರೂಪಾಯಿಗಳಂತೆ, ಒಟ್ಟು 75.50 ರೂಪಾಯಿ ಲಾಭಾಂಶ! ಷೇರಿನ ಮುಖಬೆಲೆ ಕೇವಲ 2 ರೂಪಾಯಿ. ಒಟ್ಟು ಹಂಚಿದ್ದು ಸುಮಾರು 31,900 ಕೋಟಿ, ಅಂದರೆ ಗಳಿಸಿದ್ದರ ಮೂರು ಪಟ್ಟು. ವರ್ಷಾಂತ್ಯಕ್ಕೆ ಷೇರುದಾರರ ನಿಧಿ 13 ಸಾವಿರ ಕೋಟಿಗಿಂತ ಕೆಳಗಿಳಿಯಿತು. ಕೂಡಿ ಕಳೆದು ನೋಡಿ, ಲೆಕ್ಕ ಸರಿಯಾಗುತ್ತದೆ. ಈ ಹಂಚಿಕೆಯ ಹೊತ್ತಿನಲ್ಲಿ ಕಂಪನಿ ಸಾಲವನ್ನೂ ತೆಗೆದುಕೊಂಡಿತು.

ಹಂಚಿದ್ದು ಯಾರ ಕೈಗೆ? ಅಂದು ಶೇಕಡಾ 64.92 ಷೇರು ಹೊಂದಿದ್ದ ವೇದಾಂತ ಕಂಪನಿಗೆ ಇಪ್ಪತ್ತು ಸಾವಿರ ಕೋಟಿಗೂ ಮಿಕ್ಕಿ, ಶೇಕಡಾ 29.54 ಹೊಂದಿದ್ದ ಕೇಂದ್ರ ಸರ್ಕಾರಕ್ಕೆ ಒಂಬತ್ತು ಸಾವಿರ ಕೋಟಿಗೂ ಮಿಕ್ಕಿ. ಉಳಿದ ಚೂರು ಸಾರ್ವಜನಿಕರಿಗೆ. ವೇದಾಂತ ಸಮೂಹಕ್ಕೆ ಆಗ ಸಾಲದ ಹೊರೆ ಬಹಳವಿತ್ತು ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಇಷ್ಟು ಸಾಲದೆಂಬಂತೆ, ಸಾಮಾನ್ಯ ಮೀಸಲಿನಲ್ಲಿದ್ದ 10,383 ಕೋಟಿ ರೂಪಾಯಿಯನ್ನು ಉಳಿಸಿಕೊಂಡ ಲಾಭದ ಖಾತೆಗೆ ವರ್ಗಾಯಿಸುವ ಯೋಜನೆಗೆ 2023ರಲ್ಲಿ ಷೇರುದಾರರ ಒಪ್ಪಿಗೆ ಪಡೆದರು.

ಈ ವರ್ಗಾವಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1956ರ ಕಂಪನಿ ಕಾಯಿದೆಯ ಕಾಲದಲ್ಲಿ, ಲಾಭಾಂಶ ಒಂದು ಮಿತಿ ಮೀರಿದರೆ ಲಾಭದ ಒಂದು ಪಾಲನ್ನು ಕಡ್ಡಾಯವಾಗಿ ಮೀಸಲಿಗೆ ಹಾಕಲೇಬೇಕಿತ್ತು. ಮನೆಯ ಯಜಮಾನಿ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ನೋಟಿನಂತೆ, ಸುಲಭವಾಗಿ ಕೈಗೆ ಸಿಗಬಾರದೆಂದೇ ಮಾಡಿದ ಏರ್ಪಾಡು ಅದು. 2013ರ ಕಾಯಿದೆ ಆ ಕಡ್ಡಾಯವನ್ನು ತೆಗೆಯಿತು. ಆದರೂ ಹಳೆಯ ಮೀಸಲಿನಿಂದ ಲಾಭಾಂಶ ಹಂಚುವುದಕ್ಕೆ ಕೆಲವು ಮಿತಿಗಳನ್ನು ಉಳಿಸಿಕೊಂಡಿತು. ಹೆಸರು 'ಸಾಮಾನ್ಯ ಮೀಸಲು' ಎಂದಿರುವವರೆಗೆ ಬೀಗ ಇರುತ್ತದೆ, 'ಉಳಿಸಿಕೊಂಡ ಲಾಭ' ಎಂದಾದರೆ ಬೀಗ ಸಡಿಲ. ಕಾನೂನಿನ ದಾರಿಯಲ್ಲಿಯೇ, ಎಲ್ಲರ ಮತ ಕೇಳಿಯೇ ಮಾಡಿದರು. ಅದನ್ನು ಅಕ್ರಮ ಎನ್ನಲಾರೆ. ಆದರೆ ಶೇಕಡಾ 65ರಷ್ಟು ಮತ ಒಬ್ಬರದೇ ಆಗಿರುವಾಗ ನಮ್ಮ ನೂರು ಷೇರಿನ ಮತಕ್ಕೆ ಏನು ತೂಕ? ಅದೇ 2023ರ ಜನವರಿಯಲ್ಲಿ, ಆಫ್ರಿಕಾದಲ್ಲಿರುವ ವೇದಾಂತದ ಸತುವಿನ ಆಸ್ತಿಗಳನ್ನು 298 ಕೋಟಿ ಡಾಲರಿಗೆ ಈ ಕಂಪನಿಯಿಂದಲೇ ಕೊಳ್ಳಿಸುವ ಪ್ರಸ್ತಾಪವೂ ಬಂತು. ಆಗ ತಡೆದದ್ದು ಸರ್ಕಾರದ ವಿರೋಧ. ಸರ್ಕಾರ ಅಷ್ಟು ದೊಡ್ಡ ಪಾಲುದಾರನಾಗಿ ಇರದಿದ್ದರೆ?

ಈಗ ತಮಾಷೆ ನೋಡಿ. ಮೀಸಲು ಅರ್ಧಕ್ಕೂ ಹೆಚ್ಚು ಬರಿದಾದ ಈ ಕಂಪನಿಯ ಷೇರು 2023ರ ಮಾರ್ಚಿನಲ್ಲಿ ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿದ್ದದ್ದು, 2024ರ ಮೇ ತಿಂಗಳಲ್ಲಿ ಎಂಟುನೂರನ್ನು ದಾಟಿತು! ಅಣ್ಣನ ಮಗನ ಸೂತ್ರದಂತೆ ಆ ಷೇರು ಪಾತಾಳಕ್ಕೆ ಇಳಿಯಬೇಕಿತ್ತು. ಏಕೆ ಏರಿತು? ಬೆಳ್ಳಿ, ಸತುವಿನ ಬೆಲೆ ಏರುತ್ತಿತ್ತು. ನೆಲದಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲಕ್ಕೆ ಸಾಲುವಷ್ಟು ಅದಿರಿದೆ ಎಂದು ಕಂಪನಿ ಹೇಳುತ್ತಿತ್ತು. ಮೀಸಲಿದ್ದು ಗಣಿಯಿಲ್ಲದ ಕುದುರೆಮುಖವನ್ನೂ, ಮೀಸಲು ಖಾಲಿಯಾಗಿ ಗಣಿ ತುಂಬಿರುವ ಜಿಂಕ್ ಕಂಪನಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನು, ಉಳಿಸಿಕೊಂಡ ಲಾಭದ ಒಂದೇ ಸಂಖ್ಯೆ ಹಿಡಿದು ತಾಯಿಯ ಹಣವನ್ನು ತೊಡಗಿಸುವುದಿಲ್ಲ.

ಅದಿರೂ ಇದೆ, ಹಣವೂ ಇದೆ ಎಂದರೂ ಸಾಲದು. ದೋಣಿಮಲೈಯನ್ನೇ ತೆಗೆದುಕೊಳ್ಳಿ. 2018ರ ನವೆಂಬರಿನಲ್ಲಿ ಗುತ್ತಿಗೆಯ ಅವಧಿ ವಿಸ್ತರಿಸುವಾಗ ಕರ್ನಾಟಕ ಸರ್ಕಾರ ಮಾರಾಟದ ಮೇಲೆ ಶೇಕಡಾ 80ರಷ್ಟು ಹೆಚ್ಚುವರಿ ಮೊತ್ತ ಕೇಳಿತು. ಕಂಪನಿ ಗಣಿಯನ್ನೇ ನಿಲ್ಲಿಸಿತು. ಮತ್ತೆ ಆರಂಭವಾದದ್ದು 2021ರ ಫೆಬ್ರವರಿಯಲ್ಲಿ, ಶೇಕಡಾ 22.5ಕ್ಕೆ ಒಪ್ಪಂದವಾದ ಮೇಲೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಬೆಟ್ಟ ಇದ್ದಲ್ಲೇ ಇತ್ತು, ಮೀಸಲೂ ಇದ್ದಲ್ಲೇ ಇತ್ತು; ಒಂದು ಲಾರಿ ಅದಿರು ಹೊರಬರಲಿಲ್ಲ. ಬೆಟ್ಟದ ಒಡೆಯ ನಾಡಿನ ಜನ, ಅವರ ಪರವಾಗಿ ಸರ್ಕಾರ. ಕಂಪನಿ ಬರೀ ಗೇಣಿದಾರ. ಆ ಎಂಬತ್ತು ಹೆಚ್ಚಾಯಿತೇ, ಇಪ್ಪತ್ತೆರಡೂವರೆ ಕಡಿಮೆಯಾಯಿತೇ ಎಂಬುದನ್ನು ಇನ್ನೊಮ್ಮೆ ಚರ್ಚಿಸೋಣ. ಸಂಡೂರಿನ ಕಡೆಯ ವಿದ್ಯಾರ್ಥಿಗಳಿಗೆ ಈ ಬಗ್ಗೆ ನನಗಿಂತ ಹೆಚ್ಚು ಗೊತ್ತು.

ಇಷ್ಟನ್ನೂ ಮೊನ್ನೆ ಭಾನುವಾರ ಅಣ್ಣನ ಮಗನಿಗೆ ಫೋನಿನಲ್ಲಿ ಹೇಳಿದೆ. ಮೊದಲು ಸ್ವಲ್ಪ ಬೇಸರಿಸಿಕೊಂಡ. ಆಮೇಲೆ, "ಚಿಕ್ಕಪ್ಪ, ನೀವು ಮೇಷ್ಟ್ರು, ಪ್ರಶ್ನೆ ಕೇಳುವುದು ಸುಲಭ. ಈಗ ಏನು ಮಾಡಬೇಕು ಹೇಳಿ" ಎಂದ. ನ್ಯಾಯವಾದ ಮಾತು. ಷೇರನ್ನು ಮಾರು ಎಂದಾಗಲೀ ಇಟ್ಟುಕೋ ಎಂದಾಗಲೀ ಹೇಳುವ ಯೋಗ್ಯತೆ ನನಗಿಲ್ಲ ಎಂದೆ. ಕಂಪನಿಯ ಕಳೆದ ಹತ್ತು ವರ್ಷದ ವಾರ್ಷಿಕ ವರದಿಗಳನ್ನು ತೆಗೆದು ಒಂದು ಹಾಳೆಯಲ್ಲಿ ನಾಲ್ಕು ಕಲಮು ಎಳೆಯಲು ಹೇಳಿದ್ದೇನೆ. ಪ್ರತಿ ವರ್ಷ ಗಳಿಸಿದ್ದೆಷ್ಟು, ಹಂಚಿದ್ದೆಷ್ಟು, ಉಳಿಸಿದ್ದರಿಂದ ಕೊಂಡದ್ದೇನು, ಮತ್ತು ಆ ವರ್ಷದ ಕೊನೆಗೆ ನೆಲದಲ್ಲಿ ಉಳಿದ ಅದಿರೆಷ್ಟು. ಜೊತೆಗೆ ಗುತ್ತಿಗೆ ಯಾವ ವರ್ಷಕ್ಕೆ ಮುಗಿಯುತ್ತದೆ ಎಂಬುದನ್ನು ಕೆಂಪು ಶಾಯಿಯಲ್ಲಿ. ಮೂರು ಕಲಮು ತುಂಬಿಸಿ ನಿನ್ನೆ ಕಳುಹಿಸಿದ್ದಾನೆ. ನಾಲ್ಕನೆಯದು ಸಿಗುತ್ತಿಲ್ಲವಂತೆ. ಅದು ಸಿಗುವವರೆಗೆ ಅಮ್ಮನ ಉಳಿದ ಹಣವನ್ನು ಅಂಚೆ ಕಚೇರಿಯಿಂದ ತೆಗೆಯಬೇಡ ಎಂದು ಅವನಿಗೂ ಹೇಳಿದ್ದೇನೆ, ಅತ್ತಿಗೆಗೂ ಪ್ರತ್ಯೇಕವಾಗಿ ಫೋನು ಮಾಡಿ ಹೇಳಿದ್ದೇನೆ.